ಕಣದಲ್ಲಿ ಟೆನಿಸ್



ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ನಾವು ಜಮಖಂಡಿ ತಾಲೂಕಿನ ತುಬಚಿಗೆ ಹೋಗಿದ್ದೆವು. ಪ್ರಸಾದವಾದ ಮೇಲೆ ತಾಯಿಯೊಬ್ಬರು ಒಂಬತ್ತು ವರುಷದ ಮಗಳನ್ನು ಮುಂದೆ ನಿಲ್ಲಿಸಿ, "ಗುರುಗಳ, ಈಕಿಗಿ ಟೆನಿಸ್ ಕಲೀಬೇಕಂತ್ರಿ. ಹಗಲೆಲ್ಲ ಹಲಗಿ ಹಿಡದು ಗ್ವಾಡಿಗೆ ಚೆಂಡು ಹೊಡೀತಾಳ್ರಿ. ಏನ್ ಮಾಡೂಣ್ರಿ?" ಎಂದು ಕೇಳಿದರು. "ಅದು ಸಿರಿವಂತರ ಆಟ ತಾಯಿ, ಮೊದಲು ಓದಲಿ" ಎಂದು ಹೇಳಿಬಿಟ್ಟೆವು. ಮಗು ಮಾತನಾಡದೆ ಶರಣು ಮಾಡಿ ಹೋಯಿತು. ನಾವು ಕೊಟ್ಟ ಉತ್ತರ ವಿಚಾರ ಮಾಡಿ ಕೊಟ್ಟದ್ದಾಗಿರಲಿಲ್ಲ. ಅದನ್ನು ತಿದ್ದಿಕೊಳ್ಳುವುದಕ್ಕಾಗಿಯೇ ಈ ತಿಂಗಳು ಬರೆಯುತ್ತಿದ್ದೇವೆ.

ಟೆನಿಸ್ ಸಿರಿವಂತರ ಆಟವೆಂಬ ಮಾತಿಗೆ ಆಧಾರವಿಲ್ಲದಿಲ್ಲ. ಬ್ರಿಟಿಷ್ ಅಧಿಕಾರಿಗಳ ಕ್ಲಬ್ಬುಗಳ ಮೂಲಕ ನಮ್ಮಲ್ಲಿಗೆ ಬಂದ ಆಟವಿದು. ಅಂಗಳವೇ 78 ಅಡಿ ಉದ್ದ, ಜೋಡಿಯಾಟಕ್ಕಾದರೆ 36 ಅಡಿ ಅಗಲ. 2023ರಲ್ಲಿ ಧಾರವಾಡದಲ್ಲಿ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆದದ್ದು ಸಂತೋಷದ ಸಂಗತಿ. ಆದರೆ ಕೃಷ್ಣೆಯ ದಂಡೆಯ ಮಗು ದಿನವೂ ಧಾರವಾಡಕ್ಕೆ ಹೋಗಿ ಬರಲಾಗದು. ಹಾಗೆಂದು ಊರು ದೂರವಾದರೆ ಆಟವೇ ದೂರವೆನ್ನಲಾಗದು. ಕೊಡಗಿನ ಕಾಫಿ ತೋಟದ ಮನೆಯಲ್ಲಿ ಬೆಳೆದ ರೋಹನ್ ಬೋಪಣ್ಣ ಹನ್ನೊಂದನೆಯ ವಯಸ್ಸಿನಲ್ಲಿ ಆಟ ಆರಂಭಿಸಿದವರು. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಜೋಡಿ ಪ್ರಶಸ್ತಿಯನ್ನು ಗೆದ್ದು ಜೋಡಿಯಾಟದಲ್ಲಿ ಜಗತ್ತಿನ ಪ್ರಥಮ ಸ್ಥಾನಕ್ಕೇರಿದರು.

ಮಗುವಿಗೆ ಅಡ್ಡಿಯಾಗುವುದು ಹಣಕ್ಕಿಂತ ಮೊದಲು ಚೆಂಡು. ದೊಡ್ಡವರ ಚೆಂಡು ನೆಲಕ್ಕೆ ಬಡಿದು ಒಂಬತ್ತು ವರುಷದ ಮಗುವಿನ ಹೆಗಲನ್ನೂ ತಲೆಯನ್ನೂ ದಾಟಿ ಹೋಗುತ್ತದೆ. ಮಗು ಗಾಳಿಗೆ ಬೀಸುತ್ತದೆ. ನಾಲ್ಕು ದಿನ ನೋಡಿದ ಹಿರಿಯರು 'ಇದು ಇದರ ಕೈಲಿ ಆಗುವುದಲ್ಲ' ಎಂದು ತೀರ್ಪು ಕೊಡುತ್ತಾರೆ. ಈ ತಪ್ಪನ್ನರಿತ ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್ 2007ರಿಂದ ಮಕ್ಕಳಿಗಾಗಿ ನಿಧಾನದ ಚೆಂಡುಗಳನ್ನು ಪ್ರಚಾರಕ್ಕೆ ತಂದಿತು. ಕೆಂಪು ಚೆಂಡು ಸಾಮಾನ್ಯ ಚೆಂಡಿಗಿಂತ ಶೇಕಡಾ 75ರಷ್ಟು, ಕಿತ್ತಳೆಯದು 50ರಷ್ಟು, ಹಸಿರಿನದು 25ರಷ್ಟು ನಿಧಾನ. ಹತ್ತು ವರುಷದೊಳಗಿನವರ ಸ್ಪರ್ಧೆಗಳಲ್ಲಿ ಇವನ್ನೇ ಬಳಸಬೇಕೆಂಬ ನಿಯಮ 2012ರಿಂದ ಜಾರಿಗೆ ಬಂದಿತು. ಫಿಜಿಯಂತಹ ಪುಟ್ಟ ದ್ವೀಪರಾಷ್ಟ್ರಗಳ ಶಾಲಾಮಕ್ಕಳಿಗೂ ಈ ಆಟ ತಲುಪಬೇಕೆಂದು ಆ ಫೆಡರೇಶನ್ ಶ್ರಮಿಸಿದೆ. ಸುತ್ತಲೂ ಸಮುದ್ರವಿರುವ ನಾಡಿಗೆ ಹೋಗುವ ಆಟ ತುಬಚಿಗೆ ಬರಲಾರದೇ?

ಕೆಂಪು ಚೆಂಡಿನ ಅಂಗಳಕ್ಕೆ ಸುಮಾರು 36 ಅಡಿ ಉದ್ದ, 18 ಅಡಿ ಅಗಲ ಸಾಕು. ಸುತ್ತ ಓಡಾಡಲು ಒಂದಿಷ್ಟು ತೆರಪು ಬೇಕು. ಈ ಅಳತೆಯನ್ನು ಓದಿದಾಗ ನಮಗೆ ತಟ್ಟನೆ ನೆನಪಾದದ್ದು ಒಕ್ಕಲು ಮಾಡುವ ಕಣ. ನಮ್ಮ ಬಾಲ್ಯದಲ್ಲಿ ಸುಗ್ಗಿ ಬಂದರೆ ನೆಲವನ್ನು ಕೆತ್ತಿ, ನೀರು ಹೊಡೆದು, ಬಡಿದು, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು ಜೋಳದ ರಾಶಿ ಮಾಡುತ್ತಿದ್ದರು. ಎರೆಹೊಲ ಬೇಸಿಗೆಯಲ್ಲಿ ಬಿರಿದರೂ ಕಣದ ನೆಲ ಕಲ್ಲಿನಂತೆ ಗಟ್ಟಿಯಾಗಿರುತ್ತಿತ್ತು. ನೀರಾವರಿ ಬಂದಿತು, ಕಬ್ಬು ಬಂದಿತು. ಕಬ್ಬಿಗೆ ಕಣ ಬೇಡ, ಅದು ಹೊಲದಿಂದ ನೇರವಾಗಿ ಕಾರಖಾನೆಗೆ ಹೋಗುತ್ತದೆ. ಎಷ್ಟೋ ಕಣಗಳ ಮೇಲೆ ಇಂದು ಬಣವೆ, ಮುರಿದ ಚಕ್ಕಡಿ, ಹಳೆಯ ಪೈಪುಗಳು ಬಿದ್ದಿವೆ. ಸುಣ್ಣದಿಂದ ಗೆರೆ ಎಳೆದು, ಮೇಟಿಯಿದ್ದ ಕಡೆ ಎರಡೂವರೆ ಅಡಿಗಿಂತ ಒಂದಿಷ್ಟು ಎತ್ತರದಲ್ಲಿ ಬಲೆಯನ್ನೋ ಹಳೆಯ ಸೀರೆಯನ್ನೋ ಕಟ್ಟಿದರೆ ಅಂಗಳವಾಯಿತು. ಮಠದ ಆವರಣಗಳೂ ವರುಷದಲ್ಲಿ ಜಾತ್ರೆಯ ನಾಲ್ಕು ದಿನ ಬಿಟ್ಟರೆ ಬರಿದೇ ಇರುತ್ತವೆ. ಮಠಾಧೀಶರು ಮುನಿಸಿಕೊಂಡರೂ ಚಿಂತೆಯಿಲ್ಲ, ಇದನ್ನು ಹೇಳಲೇಬೇಕು.

ಸರಕಾರ ಮಾಡಿಕೊಡಲಿ ಎಂದು ಕಾಯುವ ಸ್ವಭಾವ ಈ ದಂಡೆಯದಲ್ಲ. ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರು ತಾವೇ ವಂತಿಗೆ ಕೂಡಿಸಿ, ಬೆವರು ಸುರಿಸಿ, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರವೆಂಬ ಹೆಸರು ಅದಕ್ಕೆ ಒಪ್ಪುತ್ತದೆ. ನದಿಗೆ ಅಡ್ಡಗಟ್ಟೆ ಹಾಕಿದವರಿಗೆ ಹತ್ತು ಸಣ್ಣ ರಾಕೆಟ್ಟು, ಒಂದು ಡಜನ್ ಕೆಂಪು ಚೆಂಡು ಭಾರವಾಗದು. ಕಲಿಸುವವರು ಯಾರೆಂಬುದೇ ಕಠಿಣವಾದ ಪ್ರಶ್ನೆ. ಶಾಲೆಯ ದೈಹಿಕ ಶಿಕ್ಷಕರೊಬ್ಬರು ರಜೆಯಲ್ಲಿ ತರಬೇತಿ ಪಡೆದು ಬಂದರೆ ಆರಂಭಕ್ಕೆ ಸಾಲುತ್ತದೆ; ಮುಂದೆ ನಿಜವಾದ ಪ್ರತಿಭೆ ಕಂಡರೆ ಆಗ ಧಾರವಾಡದ ಮಾತು.

'ನಮ್ಮ ಗರಡಿಮನೆಗಳಿರುವಾಗ ಪರದೇಶದ ಆಟವೇಕೆ?' ಎಂದು ಕೆಲವು ಹಿರಿಯರು ಕೇಳಿಯಾರು. ಗರಡಿಯ ಮೇಲೆ ನಮಗೂ ಅಭಿಮಾನವುಂಟು. ಆದರೆ ನಮ್ಮ ಊರುಗಳ ಗರಡಿಯ ಹೊಸ್ತಿಲನ್ನು ಹೆಣ್ಣುಮಗು ದಾಟಿದ್ದನ್ನು ನಾವು ಕಂಡಿಲ್ಲ. ಹೆಣ್ಣಿಗೂ ಗಂಡಿಗೂ ಒಂದೇ ಇಷ್ಟಲಿಂಗವನ್ನು ಕೊಟ್ಟ ಧರ್ಮದವರು ನಾವು. ಸಂಜೆ ಐದಾದರೆ ಗಂಡು ಬಯಲಿಗೆ, ಹೆಣ್ಣು ಒಲೆಯ ಮುಂದಕ್ಕೆ ಎಂದು ಹಂಚಿಕೊಟ್ಟವರೂ ನಾವೇ. ಮನೆಯ ಕಣದಲ್ಲಿ, ತಾಯಿಯ ಕಣ್ಣೆದುರಿಗೆ ಆಡಬಹುದಾದ ಆಟವೊಂದು ಸಿಕ್ಕಿರುವಾಗ ಬೇಡವೆನ್ನಲು ನಮಗೆ ಮಾತು ಹೊಳೆಯುತ್ತಿಲ್ಲ.

ಆ ತಾಯಿಗೆ ಕಾಗದ ಬರೆದು, ನಮ್ಮ ಮಾತನ್ನು ಹಿಂತೆಗೆದುಕೊಂಡಿರುವುದಾಗಿ ತಿಳಿಸಿ, ಅವರ ಮನೆಯ ಕಣದ ಅಳತೆಯನ್ನು ಕೇಳಿದ್ದೆವು. ಉತ್ತರವನ್ನು ಮಗುವೇ ಬರೆದಿದೆ. ಕಣ ಅಡ್ಡಡ್ಡ 45 ಅಡಿ ಇದೆಯಂತೆ. ಬಣವೆಯನ್ನು ಸರಿಸಲು ಅಜ್ಜ ಇನ್ನೂ ಒಪ್ಪಿಲ್ಲವಂತೆ. ಅಜ್ಜನವರಿಗೂ ಒಂದು ಕಾಗದ ಬರೆದಿದ್ದೇವೆ.