ಮೊದಲ ತೊಡದೇವು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಆಲೆಮನೆಯ ದಿನಗಳು ಬಂದವೆಂದರೆ ತೊಡದೇವಿನ ಮಾತು ಬಂದೇ ಬರುತ್ತದೆ. ತಿಂದವರು ಬಹಳ, ತಾವೇ ಮಾಡಿ ನೋಡಿದವರು ವಿರಳ. ಪೇಟೆಯಲ್ಲಿ ಪೊಟ್ಟಣ ದೊರೆಯುವಾಗ ಒಲೆಯ ಮುಂದೆ ಬೆವರುವುದೇಕೆಂದು ವರ್ಷ ವರ್ಷವೂ ಮುಂದೂಡುತ್ತೇವೆ.

ಈ ಸಲ ಕೈಹಚ್ಚಬಾರದೇಕೆ? ನೆನೆದ ಅಕ್ಕಿಯನ್ನು ನುಣ್ಣಗೆ ಅರೆದು, ಕಬ್ಬಿನ ಹಾಲು ಬೆರೆಸಿ ತೆಳ್ಳಗೆ ಮಾಡಬೇಕು. ಒಲೆಯ ಮೇಲೆ ಬೋರಲಿಟ್ಟ ಮಡಕೆ ಹದವಾಗಿ ಕಾದಮೇಲೆ, ಕೋಲಿಗೆ ಕಟ್ಟಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಅದರ ಬೆನ್ನಿನ ಮೇಲೆ ಎಳೆಯಬೇಕು. ಕಾಗದದಂತೆ ಎದ್ದ ಹಾಳೆಯನ್ನು ಬಿಸಿಯಿರುವಾಗಲೇ ಮಡಚಬೇಕು. ಆರಿದೊಡನೆ ಅದರೊಳಗಿನ ಸಕ್ಕರೆ ಗಟ್ಟಿಯಾಗಿ, ಹಾಳೆ ಮುಟ್ಟಿದರೆ ಮುರಿಯುವಷ್ಟು ಗರಿಯಾಗುತ್ತದೆ.

ಆದರೆ ಆ ‘ಹದ’ವನ್ನು ಯಾವ ಪಾಕಪುಸ್ತಕ ತಾನೆ ಹೇಳೀತು? ಅದು ಅಜ್ಜಿಯ ಅಂಗೈಗೆ ಗೊತ್ತು.

ಆಂಧ್ರದ ಆತ್ರೇಯಪುರದ ಪೂತರೇಕುಲು ಕೂಡ ಬೋರಲು ಮಡಕೆಯ ಮೇಲೆ ಹುಟ್ಟುವ ಅಕ್ಕಿಯ ಹಾಳೆಯೇ. ಅದಕ್ಕೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮಾನ್ಯತೆ ಹೆಸರನ್ನು ಕಾದೀತು. ಕೈಚಳಕವನ್ನು ಕಾಯುವವರು ಮನೆಯವರೇ.

ಮೊದಲ ಹತ್ತು ಹಾಳೆಗಳು ಹರಿದರೆ ಹರಿಯಲಿ. ಹಾಲು, ತುಪ್ಪದ ಬಟ್ಟಲು ಚೂರುಗಳನ್ನೂ ಬೇಡವೆನ್ನದು. ತಿದ್ದಿ ಹೇಳುವ ಹಿರಿಯರು ಒಲೆಯ ಬಳಿ ಇರುವಾಗಲೇ ಅವು ಹರಿಯಲಿ.