ಅಬೂತ್ರಿಕಾರ ಕತೆಯನ್ನು ಮಕ್ಕಳಿಗೆ ಪೂರ್ತಿ ಹೇಳೋಣ

ಈಜಿಪ್ಟಿನ ಫುಟ್‌ಬಾಲ್ ಆಟಗಾರ ಯಾರು ಅಂತ ನಮ್ಮ ಮನೆಯ ಹುಡುಗರನ್ನು ಕೇಳಿ ನೋಡಿ. ಮುಹಮ್ಮದ್ ಸಲಾಹ್ ಅಂತ ಥಟ್ಟನೆ ಹೇಳ್ತಾರೆ. ಲಿವರ್‌ಪೂಲ್‌ಗೆ ಹೊಡೆದ ಗೋಲುಗಳು, ಗೋಲು ಹೊಡೆದ ಮೇಲೆ ಮಾಡಿದ ಸುಜೂದ್, ಎಲ್ಲವೂ ಬಾಯಿಪಾಠ. ಒಳ್ಳೆಯದೇ. ಆದರೆ ಇದೇ ಸಲಾಹ್ 2015ರಲ್ಲಿ ಇಟಲಿಯ ಫಿಯೊರೆಂಟಿನಾ ಕ್ಲಬ್‌ಗೆ ಹೋದಾಗ 74ನೇ ನಂಬರಿನ ಜೆರ್ಸಿ ಯಾಕೆ ಹಾಕಿಕೊಂಡರು ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಆ ನಂಬರಿನ ಹಿಂದೆ 74 ಮಯ್ಯಿತ್‌ಗಳಿವೆ. ಆ ರಾತ್ರಿ ಆ ಸ್ಟೇಡಿಯಂನಲ್ಲಿದ್ದ ಒಬ್ಬ ಆಟಗಾರರ ಬಗ್ಗೆ ಇಂದು ಬರೆಯಬೇಕೆನಿಸಿತು. ಅವರ ಹೆಸರು ಮುಹಮ್ಮದ್ ಅಬೂತ್ರಿಕಾ.

ಹೆಸರು ಹೊಸತು ಅನಿಸಿದರೂ ಅವರ ಫೋಟೊವನ್ನು ನೀವು ನೋಡಿರುತ್ತೀರಿ. ಗಾಝಾದಲ್ಲಿ ಬಾಂಬು ಬಿದ್ದಾಗಲೆಲ್ಲ ನಮ್ಮ ಫ್ಯಾಮಿಲಿ ಗ್ರೂಪುಗಳಲ್ಲಿ ಅದು ಬರುತ್ತದೆ. ಕೆಂಪು ಜೆರ್ಸಿಯನ್ನು ಮೇಲೆತ್ತಿ, ಒಳಗಿನ ಬಿಳಿ ಅಂಗಿಯಲ್ಲಿ ಗಾಝಾದ ಜೊತೆ ನಮ್ಮ ಅನುಕಂಪವಿದೆ ಎಂಬ ಬರಹ ತೋರಿಸುತ್ತಿರುವ ಆಟಗಾರ. ನಾವು ಒಂದು ಹೃದಯದ ಗುರುತು ಒತ್ತಿ, ಫಾರ್ವರ್ಡ್ ಮಾಡಿ, ಮುಂದೆ ಹೋಗುತ್ತೇವೆ. ನನ್ನ ತಕರಾರು ಇರುವುದು ಇಲ್ಲಿಯೇ. ಆ ಫೋಟೊ ಅವರ ಕತೆಯ ಬಹಳ ಸಣ್ಣ ಭಾಗ. ದೊಡ್ಡ ಭಾಗವನ್ನು ನಾವು ಮಕ್ಕಳಿಗೆ ಹೇಳುತ್ತಲೇ ಇಲ್ಲ.

ಮೊದಲು ಆಟದ ವಿಚಾರ. ಅಬೂತ್ರಿಕಾ ಹುಟ್ಟಿದ್ದು 1978ರ ನವೆಂಬರ್ 7ರಂದು, ಗೀಝಾದ ನಾಹಿಯಾ ಎಂಬ ಊರಿನಲ್ಲಿ. ಬಡ ಕುಟುಂಬ. ಚಿಕ್ಕಂದಿನಲ್ಲಿ ಇಟ್ಟಿಗೆ ಮಾಡುವ ಜಾಗದಲ್ಲಿ ದುಡಿದವರು. ಆಟದ ಜೊತೆ ಓದನ್ನೂ ಬಿಡದೆ ಕೈರೋ ವಿಶ್ವವಿದ್ಯಾನಿಲಯದಲ್ಲಿ ತತ್ವಶಾಸ್ತ್ರದ ಪದವಿ ಪಡೆದರು. ತರ್ಸಾನಾ ಎಂಬ ಕ್ಲಬ್‌ನಲ್ಲಿ ಆಡಿಕೊಂಡಿದ್ದವರು ಕೈರೋದ ದೈತ್ಯ ಕ್ಲಬ್ ಅಲ್ ಅಹ್ಲಿಗೆ ಬಂದದ್ದು 2004ರಲ್ಲಿ. ಆಗ ವಯಸ್ಸು 25. ಯುರೋಪಿನ ಹುಡುಗರು ಆ ವಯಸ್ಸಿಗೆ ಕೋಟಿ ಕೋಟಿ ಎಣಿಸುತ್ತಿರುತ್ತಾರೆ.

ಅಲ್ಲಿಂದ ಮುಂದಿನ ಹತ್ತು ವರ್ಷ ಆಫ್ರಿಕಾದ ಫುಟ್‌ಬಾಲ್ ಅವರ ಕಾಲ ಬುಡದಲ್ಲಿತ್ತು ಅಂದರೂ ತಪ್ಪಲ್ಲ. 2006ರ ಫೆಬ್ರವರಿಯಲ್ಲಿ ಕೈರೋದಲ್ಲಿ ಆಫ್ರಿಕಾ ಕಪ್ ಫೈನಲ್. ಐವರಿ ಕೋಸ್ಟ್ ಎದುರು ಗೋಲೇ ಆಗದೆ ಪೆನಾಲ್ಟಿಗೆ ಹೋಯಿತು. ಕಪ್ ತಂದುಕೊಟ್ಟ ಕೊನೆಯ ಪೆನಾಲ್ಟಿ ಅಬೂತ್ರಿಕಾರದ್ದು. ಅದೇ ವರ್ಷ ನವೆಂಬರಿನಲ್ಲಿ ಟ್ಯುನೀಶಿಯಾದಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಸ್ಫಾಕ್ಸ್ ತಂಡದವರು ಇನ್ನೇನು ಸಂಭ್ರಮಕ್ಕೆ ತಯಾರಾಗಿದ್ದರು. 92ನೇ ನಿಮಿಷದಲ್ಲಿ ಎಡಗಾಲಿನಿಂದ ಒಂದು ಹೊಡೆತ, ಕಪ್ ಅಲ್ ಅಹ್ಲಿಗೆ. 2008ರ ಫೆಬ್ರವರಿ 10ರಂದು ಘಾನಾದ ಅಕ್ರಾದಲ್ಲಿ ಮತ್ತೆ ಆಫ್ರಿಕಾ ಕಪ್ ಫೈನಲ್. ಕ್ಯಾಮರೂನಿನ ರಿಗೋಬರ್ಟ್ ಸಾಂಗ್ ಅವರಿಂದ ಝಿದಾನ್ ಚೆಂಡು ಕಸಿದು ಕೊಟ್ಟರು, ಅಬೂತ್ರಿಕಾ ಬಲೆಗೆ ತಳ್ಳಿದರು. ಪಂದ್ಯದ ಏಕೈಕ ಗೋಲು. ಅಲ್ ಅಹ್ಲಿಗೆ ಐದು ಬಾರಿ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ ತಂಡಗಳಲ್ಲಿ ಅವರಿದ್ದರು. ಯುರೋಪಿನ ಯಾವ ಕ್ಲಬ್‌ಗೂ ಅವರು ಆಡಲಿಲ್ಲ. ಹಾಗಾಗಿಯೇ ನಮ್ಮ ಟಿವಿಗಳಲ್ಲಿ ಅವರು ಕಾಣಲಿಲ್ಲ.

ಇನ್ನು ಆ ಫೋಟೊ. 2008ರ ಜನವರಿ 26, ಘಾನಾದ ಕುಮಾಸಿ, ಸುಡಾನ್ ಎದುರಿನ ಪಂದ್ಯ. ದಿಗ್ಬಂಧನ ತಾಳಲಾಗದೆ ಗಾಝಾದ ಜನ ರಫಾ ಗಡಿಯ ಗೋಡೆ ಒಡೆದು ಈಜಿಪ್ಟಿಗೆ ನುಗ್ಗಿ ಬಂದು ಮೂರು ದಿನವಾಗಿತ್ತಷ್ಟೇ. ಗೋಲು ಹೊಡೆದ ಅಬೂತ್ರಿಕಾ ಜೆರ್ಸಿ ಎತ್ತಿದರು. ರೆಫ್ರಿ ಹಳದಿ ಕಾರ್ಡ್ ತೋರಿಸಿದರು. ಅರಬ್ ನಾಡುಗಳಿಡೀ ಅವರನ್ನು ಕೊಂಡಾಡಿತು. ಧೈರ್ಯದ ಕೆಲಸ, ಸಂಶಯ ಇಲ್ಲ. ಆದರೆ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಅಂದು ಅವರ ದೇಶದ ಜನರೆಲ್ಲ ಅವರ ಜೊತೆಗಿದ್ದರು.

ಜೊತೆಯಲ್ಲಿ ಯಾರೂ ಇಲ್ಲದ ಪರೀಕ್ಷೆ ಬಂದದ್ದು ನಾಲ್ಕು ವರ್ಷದ ಮೇಲೆ. 2012ರ ಫೆಬ್ರವರಿ 1ರಂದು ಪೋರ್ಟ್ ಸೈದ್‌ನಲ್ಲಿ ಅಲ್ ಮಸ್ರಿ ಮತ್ತು ಅಲ್ ಅಹ್ಲಿ ನಡುವೆ ಪಂದ್ಯ. ಆಟ ಮುಗಿದದ್ದೇ ತಡ, ಅಲ್ ಅಹ್ಲಿ ಅಭಿಮಾನಿಗಳ ಮೇಲೆ ದಾಳಿ ನಡೆಯಿತು. ಚೂರಿ, ದೊಣ್ಣೆ, ಕಾಲ್ತುಳಿತ. ಗೇಟಿಗೆ ಬೀಗ ಬಿದ್ದಿತ್ತು. 74 ಮಂದಿ ಸತ್ತರು. ಹೆಚ್ಚಿನವರು ಮೀಸೆ ಚಿಗುರುತ್ತಿದ್ದ ಹುಡುಗರು. ಗಾಯಾಳುಗಳನ್ನು ಆಟಗಾರರ ಡ್ರೆಸ್ಸಿಂಗ್ ರೂಮಿಗೆ ತಂದು ಮಲಗಿಸಿದರು. ಅಲ್ಲಿ ಒಬ್ಬ ಹುಡುಗ ಅಬೂತ್ರಿಕಾರ ತೋಳಿನಲ್ಲೇ ಪ್ರಾಣ ಬಿಟ್ಟ. ಇನ್ನು ಆಡುವುದಿಲ್ಲ ಎಂದು ಅವರು ಅಂದೇ ಹೇಳಿದರು. ಆಮೇಲೆ ಮನಸ್ಸು ಬದಲಿಸಿ ಮರಳಿ ಬಂದರು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಸೂಪರ್ ಕಪ್ ಪಂದ್ಯ ಇಟ್ಟುಕೊಂಡರು. ಸತ್ತವರಿಗೆ ನ್ಯಾಯ ಸಿಗುವ ಮೊದಲು ಆಟ ಬೇಡ ಅಂತ ಅಭಿಮಾನಿಗಳು ಬೇಡಿಕೊಂಡರು. ಕ್ಲಬ್ ಕೇಳಲಿಲ್ಲ. ತಂಡದ ಉಳಿದವರು ಮೈದಾನಕ್ಕಿಳಿದರು. ಅಬೂತ್ರಿಕಾ ಇಳಿಯಲಿಲ್ಲ. ತನಗೆ ಹೆಸರು, ಹಣ, ಕಪ್ ಎಲ್ಲ ಕೊಟ್ಟ ಕ್ಲಬ್‌ಗೆ, ಅವರು ಪ್ರಾಣದಂತೆ ಪ್ರೀತಿಸಿದ ಕ್ಲಬ್‌ಗೆ, ಆಗುವುದಿಲ್ಲ ಅಂದುಬಿಟ್ಟರು. ಕ್ಲಬ್ ಎರಡು ತಿಂಗಳು ಅಮಾನತು ಮಾಡಿ ದಂಡ ಹಾಕಿತು. ವಯಸ್ಸು 33 ದಾಟಿದ ಆಟಗಾರನಿಗೆ ಎರಡು ತಿಂಗಳು ಅಂದರೆ ಸಣ್ಣ ಮಾತಲ್ಲ.

ನನ್ನ ಪ್ರಕಾರ ಮಕ್ಕಳಿಗೆ ಹೇಳಬೇಕಾದ ಅಬೂತ್ರಿಕಾ ಇವರು. ದೂರದ ಅನ್ಯಾಯಕ್ಕೆ ಮರುಗುವುದು ಬೇಕು, ಗಾಝಾಕ್ಕಾಗಿ ದುಆ ಮಾಡಲೇಬೇಕು. ಆದರೆ ನಮ್ಮದೇ ಕ್ಲಬ್, ನಮ್ಮದೇ ಜಮಾಅತ್, ನಮ್ಮದೇ ಕುಟುಂಬ ತಪ್ಪು ಮಾಡಿದಾಗ ಎದ್ದು ನಿಂತು, ಇದರಲ್ಲಿ ನಾನಿಲ್ಲ ಅನ್ನುವುದಿದೆಯಲ್ಲ, ಅದು ಬೇರೆಯೇ ಕಷ್ಟ. ಅಳಿಯನಿಗೆ ಎಷ್ಟು ಪವನು ಅಂತ ಮಾತುಕತೆ ನಡೆಯುವ ಚಾವಡಿಯಲ್ಲಿ ಎಷ್ಟು ಮಂದಿ ಹಾಗೆ ಎದ್ದು ಹೋಗಿದ್ದೇವೆ? ಫೋಟೊ ಫಾರ್ವರ್ಡ್ ಮಾಡುವ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು ಹೇಳಬೇಕು.

ಕತೆ ಅಲ್ಲಿಗೂ ಮುಗಿಯುವುದಿಲ್ಲ. 2013ರ ಅಕ್ಟೋಬರಿನಲ್ಲಿ ವಿಶ್ವಕಪ್ ಅರ್ಹತೆಗಾಗಿ ಘಾನಾ ಎದುರು ಆಡಿದ ಈಜಿಪ್ಟ್ 6-1ರಿಂದ ಸೋತಿತು. ಆ ಒಂದು ಗೋಲು ಅಬೂತ್ರಿಕಾರ ಪೆನಾಲ್ಟಿ. ಅಲ್ಲಿಗೆ ಅವರ ವಿಶ್ವಕಪ್ ಕನಸು ಮುಗಿಯಿತು. ನವೆಂಬರಿನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌ನ ಎರಡೂ ಪಂದ್ಯಗಳಲ್ಲಿ ಗೋಲು ಹೊಡೆದು ಕಪ್ ಗೆದ್ದುಕೊಟ್ಟು, ವರ್ಷದ ಕೊನೆಗೆ ನಿವೃತ್ತರಾದರು.

2012ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅವರು ಮುಹಮ್ಮದ್ ಮುರ್ಸಿ ಅವರನ್ನು ಬಹಿರಂಗವಾಗಿ ಬೆಂಬಲಿಸಿದ್ದರು. ಅದು ಸರಿಯೋ ತಪ್ಪೋ, ಈಜಿಪ್ಟಿನಲ್ಲೇ ಎರಡು ಅಭಿಪ್ರಾಯ ಇದೆ. ಅವರ ರಾಜಕೀಯವನ್ನು ಒಪ್ಪದವರೂ ಅಲ್ಲಿ ಬೇಕಾದಷ್ಟಿದ್ದಾರೆ. ಮುರ್ಸಿ ಪದಚ್ಯುತರಾದ ಮೇಲೆ ಗಾಳಿ ಬದಲಾಯಿತು. ಮುಸ್ಲಿಂ ಬ್ರದರ್‌ಹುಡ್‌ಗೆ ಹಣ ಒದಗಿಸಿದ ಆರೋಪ ಹೊರಿಸಿ 2015ರಲ್ಲಿ ಅವರ ಆಸ್ತಿ ಮುಟ್ಟುಗೋಲು ಹಾಕಿಕೊಂಡರು. 2017ರ ಜನವರಿಯಲ್ಲಿ 1,500ಕ್ಕೂ ಹೆಚ್ಚು ಮಂದಿಯ ಭಯೋತ್ಪಾದಕರ ಪಟ್ಟಿಗೆ ಅವರ ಹೆಸರೂ ಸೇರಿತು. ಆರೋಪವನ್ನು ಅವರು ನಿರಾಕರಿಸುತ್ತಲೇ ಬಂದರು. ಅಷ್ಟರಲ್ಲಿ ಅವರು ಕತರ್‌ನಲ್ಲಿ ಟಿವಿ ಚಾನೆಲೊಂದರ ಫುಟ್‌ಬಾಲ್ ವಿಶ್ಲೇಷಕರಾಗಿದ್ದರು. ಊರಿಗೆ ಹೋದರೆ ಬಂಧನದ ಭಯ.

ಮರುತಿಂಗಳೇ ತಂದೆ ತೀರಿಕೊಂಡರು. ಮಗನಿಗೆ ಮಯ್ಯಿತ್ ನಮಾಝಿಗೆ ನಿಲ್ಲಲಾಗಲಿಲ್ಲ.

ಈ ಸಾಲನ್ನು ಬಿಡಿಸಿ ಹೇಳುವ ಅಗತ್ಯ ನಮ್ಮ ಮನೆಗಳಲ್ಲಿ ಇಲ್ಲ. ದಮ್ಮಾಮಿನಲ್ಲೋ ದುಬೈಯಲ್ಲೋ ಕೆಲಸದಲ್ಲಿದ್ದು, ರಜೆ ಸಿಗದೆ, ಟಿಕೆಟ್ ಸಿಗದೆ, ಉಪ್ಪನ ಕಬರಿಗೆ ಮೂರು ಹಿಡಿ ಮಣ್ಣು ಹಾಕಲಾಗದವರು ನಮ್ಮಲ್ಲಿ ಎಷ್ಟಿಲ್ಲ? ಮೊಬೈಲಿನ ಪರದೆಯಲ್ಲಿ ಜನಾಝ ನೋಡಿದವರಿಗೆ ಆ ಸಂಕಟ ಗೊತ್ತು. ನಮ್ಮವರನ್ನು ತಡೆದದ್ದು ಹೊಟ್ಟೆಪಾಡು. ಅವರನ್ನು ತಡೆದದ್ದು ಒಂದು ಪಟ್ಟಿ. ಆರೋಪ ಸಾಬೀತಾಗುವ ಮೊದಲೇ ಶಿಕ್ಷೆ ಶುರುವಾಗುವುದು ಹೀಗೆ. ಯಾರ ಮೇಲೆ ಯಾವ ಆರೋಪ ಬಂದರೂ, ಅದು ನಮಗೆ ಆಗದವರ ಮೇಲೆ ಬಂದರೂ ಸಹ, ತೀರ್ಪು ಬರುವ ತನಕ ನಾಲಗೆ ಹಿಡಿದುಕೊಳ್ಳುವ ಪಾಠ ಇದರಲ್ಲಿದೆ. 2024ರ ಏಪ್ರಿಲ್‌ನಲ್ಲಿ ಈಜಿಪ್ಟಿನ ಉನ್ನತ ನ್ಯಾಯಾಲಯ ಆ ಪಟ್ಟಿಯ ಆದೇಶವನ್ನು ರದ್ದು ಮಾಡಿ ಮರುಪರಿಶೀಲನೆಗೆ ಕಳಿಸಿತು. ಏಳು ವರ್ಷ ಕಳೆದಿತ್ತು. ತಂದೆಯ ಜನಾಝವನ್ನು ಯಾವ ನ್ಯಾಯಾಲಯ ಮರಳಿ ಕೊಡುತ್ತದೆ?

ಸರಕಾರದ ಪಟ್ಟಿ ಏನೇ ಹೇಳಲಿ, ಜನ ಮರೆತಿರಲಿಲ್ಲ. 2019ರಲ್ಲಿ ಆಫ್ರಿಕಾ ಕಪ್ ಈಜಿಪ್ಟಿನಲ್ಲೇ ನಡೆಯಿತು. ಕೈರೋದ ಗ್ಯಾಲರಿಯಲ್ಲಿ 22ನೇ ನಿಮಿಷಕ್ಕೆ ಜನ ಅಬೂತ್ರಿಕಾರ ಹೆಸರು ಕೂಗಿದರು. 22 ಅವರ ಜೆರ್ಸಿ ನಂಬರ್.

ಅವರನ್ನು ವಲಿಯಾಗಿಸುವುದು ಬೇಡ. ಅವರೂ ಸೋತವರು, ಮನಸ್ಸು ಬದಲಿಸಿದವರು, ಅವರ ಎಲ್ಲ ಮಾತನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ಮುಂದಿನ ಸಲ ಆ ಫೋಟೊ ನಿಮ್ಮ ಗ್ರೂಪಿಗೆ ಬಂದಾಗ ಕೂಡಲೇ ಫಾರ್ವರ್ಡ್ ಒತ್ತಬೇಡಿ. ಮಗನನ್ನೋ ಮಗಳನ್ನೋ ಹತ್ತಿರ ಕರೆದು, ಆ ಹಳದಿ ಕಾರ್ಡಿನ ನಂತರ ಏನೇನಾಯಿತು ಅಂತ ಹೇಳಿ. ಸೂಪರ್ ಕಪ್‌ಗೆ ಇಳಿಯದ ದಿನದಿಂದ ಶುರು ಮಾಡಿ.