ಅಣುಸ್ಥಾವರವೋ, ಮಾಡಿನ ಮೇಲಿನ ಬಿಸಿಲೋ?



2024ರಲ್ಲಿ ಕೇರಳಕ್ಕೊಂದು ಅಣುವಿದ್ಯುತ್ ಸ್ಥಾವರ ಬೇಕೆಂಬ ಮಾತು ಎದ್ದಾಗ ನಮ್ಮ ಕಾಸರಗೋಡು ಜಿಲ್ಲೆಯ ಚೀಮೇನಿಯ ಹೆಸರೂ ಕೇಳಿಬಂತು. ಸ್ಥಾವರ ಬಂದರೆ ಕರೆಂಟಿನ ಕಾಟ ತಪ್ಪೀತು, ತೋಟದ ಪಂಪು ನಿಲ್ಲಲಾರದು ಎಂದು ನಮ್ಮವರೇ ಕೆಲವರು ಹೇಳುವುದುಂಟು. ಆ ಆಸೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಕೈಗಾದ ಒಂದನೆಯ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿತ್ತು. ಹೊಗೆಯಿಲ್ಲ, ಮಳೆಗಾಲ ಬೇಸಗೆ ಎಂಬ ಭೇದವಿಲ್ಲ. ಇದು ಒಪ್ಪಬೇಕಾದ ಮಾತು.

ಆದರೂ ಈ ಜಿಲ್ಲೆಗೆ ಅದು ಬೇಡವೆಂದೇ ನಮ್ಮ ಅಭಿಪ್ರಾಯ. ಏನೂ ಆಗದು, ಹೆದರಬೇಡಿ ಎಂಬ ಮಾತನ್ನು ಈ ಊರು ಮೊದಲೇ ಕೇಳಿದೆ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ, ಮುಳಿಯಾರು ಕಡೆ ಹಾಸಿಗೆ ಬಿಟ್ಟೇಳದ ಮಕ್ಕಳನ್ನು ಸಾಕುವ ತಾಯಂದಿರು ಇಂದಿಗೂ ಇದ್ದಾರೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ವಿಚಾರಿಸುವಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ! ಕೋರ್ಟು ಗದರಿದ ಮೇಲೆಯೇ ಹಂಚಿಕೆಗೆ ವೇಗ ಬಂದದ್ದು. ಒಂದು ಕೀಟನಾಶಕದ ಲೆಕ್ಕಕ್ಕೇ ಇಷ್ಟು ಕಾಲ ಹಿಡಿದರೆ ಪ್ಲುಟೋನಿಯಂನ ಲೆಕ್ಕ ಯಾರು ತೀರಿಸುವರು? ಸ್ಥಾವರದಲ್ಲಿ ಉರಿದುಳಿದ ಇಂಧನದಲ್ಲಿರುವ ಆ ವಸ್ತುವಿನ ವಿಕಿರಣ ಅರ್ಧಕ್ಕಿಳಿಯಲು ಸುಮಾರು 24,000 ವರ್ಷ ಬೇಕು. ಜಪಾನಿನ ಫುಕುಶಿಮಾದಲ್ಲಿ 2011ರ ಮಾರ್ಚಿನ ದುರಂತದ ನಂತರ ಒಂದೂವರೆ ಲಕ್ಷ ಜನ ಮನೆ ಬಿಟ್ಟರು. ಗದ್ದೆಗಳ ಮೇಲ್ಮಣ್ಣನ್ನು ಕೆರೆದು ಚೀಲಗಳಲ್ಲಿ ತುಂಬಿಡಬೇಕಾಯಿತು. ಮಣ್ಣೇ ಹೋದ ಕೃಷಿಕನಿಗೆ ಯಾವ ಪರಿಹಾರ ಸಾಕಾದೀತು?

ಇನ್ನು ಬಿಸಿಲಿನ ವಿಚಾರ. ನಮ್ಮ ಅಡಿಕೆ ತೋಟಕ್ಕೆ ನೀರು ಬಿಡಬೇಕಾದದ್ದು ಡಿಸೆಂಬರಿನಿಂದ ಮೇ ವರೆಗೆ. ಬಿಸಿಲು ಕಾಯುವುದೂ ಆಗಲೇ. ಮಳೆಗಾಲದಲ್ಲಿ ಸೌರಫಲಕ ಸೊರಗುತ್ತದೆ, ನಿಜ. ಆಗ ಪಂಪಿಗೂ ಕೆಲಸವಿಲ್ಲ, ಅಣೆಕಟ್ಟುಗಳೂ ತುಂಬುತ್ತವೆ. ರಾತ್ರಿಗೆ ಏನು ಗತಿ ಎಂದು ಕೇಳುವಿರಿ. ಬೇಸಗೆಯ ರಾತ್ರಿಯೇ ಕೇರಳಕ್ಕೆ ಕಷ್ಟದ ಹೊತ್ತು. 2024ರ ಬೇಸಗೆಯಲ್ಲಿ ಬೇಡಿಕೆ 5,700 ಮೆಗಾವಾಟ್ ದಾಟಿತ್ತು. ಹಗಲನ್ನು ಬಿಸಿಲಿನ ಕರೆಂಟಿನಲ್ಲಿ ಕಳೆದರೆ ಇಡುಕ್ಕಿಯ ನೀರು ಅಷ್ಟು ಉಳಿಯುತ್ತದೆ, ಅಲ್ಲಿನ 780 ಮೆಗಾವಾಟಿನ ಯಂತ್ರಗಳನ್ನು ರಾತ್ರಿ ತಿರುಗಿಸಬಹುದು. ಇದೊಂದರಿಂದಲೇ ಕೊರತೆಯೆಲ್ಲ ನೀಗುವುದೆಂದು ನಾವು ಹೇಳುವುದಿಲ್ಲ. ಬ್ಯಾಟರಿಯೂ ಬೇಕು, ಹೊರ ರಾಜ್ಯದ ಕರೆಂಟೂ ಬೇಕಾದೀತು.

ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 250 ಎಕರೆಯಲ್ಲಿ 50 ಮೆಗಾವಾಟಿನ ಸೌರಸ್ಥಾವರ 2021ರಲ್ಲಿ ಉದ್ಘಾಟನೆಯಾಯಿತು. ಅಂಥದ್ದೂ ದೋಷವಿಲ್ಲದ್ದಲ್ಲ. ದನ ಮೇಯುವ ಪದವುಗಳಿಗೆಲ್ಲ ಬೇಲಿ ಬಿದ್ದರೆ ಹಾಲು ಮಾರಿ ಬದುಕುವವರು ಎಲ್ಲಿಗೆ ಹೋಗಬೇಕು? ಆದಕಾರಣ ಪದವಿನ ಬದಲು ಮನೆಯ ಮಾಡು ಲೇಸು. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿದ್ದಾರೆ. ಅಂಗಳದಲ್ಲಿ ಕಂಬ ನೆಟ್ಟು ಹಾಕಿಸಬೇಡಿ, ಅಡಿಕೆ ಒಣಗಿಸಲು ಬಿಸಿಲು ಸಿಗದು! ಆಸಕ್ತರು ತಮ್ಮ ವಾರ್ಡಿನ ಗುರಿಕಾರರಲ್ಲಿ ಹೆಸರು ಕೊಟ್ಟರೆ, ವಿದ್ಯುತ್ ಮಂಡಳಿಯವರನ್ನು ಒಂದು ಭಾನುವಾರ ಪೂಜೆಯ ನಂತರ ಸಭಾಭವನಕ್ಕೆ ಕರೆಸಿ ಮಾಹಿತಿ ಕೊಡಿಸುತ್ತೇವೆ.